ಅಣ್ಣನ ಉತ್ತರ ಪತ್ರಿಕೆ ಬರೆದವಳು

ಕಾಲೇಜಿನ ಗೇಟಿನಲ್ಲಿ ಕೂರುತ್ತಿದ್ದ ಕಾವಲುಗಾರ ಅವಳಿಗೊಂದು ಹೆಸರಿಟ್ಟಿದ್ದ: ರೈಟರಮ್ಮ. ಪರೀಕ್ಷೆಯ ದಿನ ಅಣ್ಣ ಅವಳ ಮೊಣಕೈ ಹಿಡಿದುಕೊಂಡು, ಅವಳು ಪೆನ್ನಿನ ಡಬ್ಬಿ ಹಿಡಿದುಕೊಂಡು ಬರುವುದು ಕಂಡರೆ ಸಾಕು, "ದಾರಿ ಬಿಡ್ರಪ್ಪಾ, ರೈಟರಮ್ಮ ಬಂದ್ರು. ಈ ಸಲಾನೂ ಫಸ್ಟ್ ಕ್ಲಾಸ್ ತಾನೇ ತಾಯೀ?" ಎಂದು ಎದ್ದು ನಿಲ್ಲುತ್ತಿದ್ದ.

"ಕ್ಲಾಸು ಅವನದು, ಕೈನೋವು ನನ್ನದು" ಎಂದು ಅವಳು ನಗುತ್ತಿದ್ದಳು. ಆಗಿನ್ನೂ ನಗು ಬರುತ್ತಿತ್ತು.

ಅಣ್ಣನಿಗೆ ಕಣ್ಣು ಕಾಣುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಬಂದ ಜ್ವರವೊಂದು ಕಣ್ಣನ್ನು ತೆಗೆದುಕೊಂಡು ಹೋಗಿತ್ತು. ಬುದ್ಧಿಗೆ ಏನೂ ಆಗಿರಲಿಲ್ಲ. ನಾಲಿಗೆಯ ಮಾತಂತೂ ಕೇಳಲೇ ಬೇಡಿ. ಅವನು ಉತ್ತರ ಹೇಳುವುದು, ಇನ್ನೊಬ್ಬರು ಅದನ್ನು ಬರೆಯುವುದು. ಇದಕ್ಕೆ ಕಾಲೇಜಿನಲ್ಲಿ ಅವಕಾಶವಿತ್ತು. ಎಲ್ಲರಿಗೂ ಮೂರು ಗಂಟೆಯಾದರೆ ಅವನಿಗೆ ನಾಲ್ಕು. ಅದು ಯಾರ ದಯೆಯೂ ಅಲ್ಲ, ಅವನ ಹಕ್ಕು. ಅವನೂ ಅದನ್ನು ತಲೆಯೆತ್ತಿಯೇ ಕೇಳಿ ಪಡೆಯುತ್ತಿದ್ದ. ಕಾಲೇಜು ಹಾಕಿದ್ದ ಷರತ್ತು ಒಂದೇ: ಬರೆದುಕೊಡುವವರು ಕಾಲೇಜು ಓದಿರಬಾರದು, ಓದುತ್ತಲೂ ಇರಬಾರದು. ಓದಿದವರಾದರೆ ಅವನು ಹೇಳಿದ್ದಕ್ಕೆ ತಮ್ಮದನ್ನೂ ಸೇರಿಸಿಬಿಟ್ಟಾರು ಎಂಬ ಅನುಮಾನ.

ಆ ನಾಲ್ಕನೆಯ ಗಂಟೆ ಅಣ್ಣನಿಗೆ ಸಿಕ್ಕ ಸಮಯವಾದರೆ ತಂಗಿಗೆ ಕಳೆದುಕೊಂಡ ಸಮಯ. ಮಂಡಿನೋವಿನ ಅಮ್ಮ ಅಡುಗೆಮನೆಯನ್ನು ಎಂದೋ ಅವಳ ತಲೆಗೆ ಕಟ್ಟಿದ್ದಳು. ಪರೀಕ್ಷೆ ಮುಗಿಸಿ ಬಂದವನು "ತಲೆಯೆಲ್ಲಾ ಖಾಲಿಯಾಯ್ತು" ಎಂದು ಮಂಚದ ಮೇಲೆ ಉರುಳಿಕೊಳ್ಳುತ್ತಿದ್ದ. ಅವನ ತಲೆಯಲ್ಲಿದ್ದುದನ್ನೆಲ್ಲ ಕಾಗದಕ್ಕೆ ಇಳಿಸಿ ಬಂದವಳು ಬೆಳಗಿನ ಪಾತ್ರೆಗಳ ಮುಂದೆ ನಿಲ್ಲುತ್ತಿದ್ದಳು. ಊದಿಕೊಂಡ ಮಣಿಕಟ್ಟಿಗೆ ನಲ್ಲಿಯ ತಣ್ಣೀರು ಹಿತವಾಗುತ್ತಿತ್ತು. ಅಷ್ಟೇ ಅವಳ ವಿಶ್ರಾಂತಿ.

ಅವಳು ಹನ್ನೆರಡನೆಯ ತರಗತಿ ಮುಗಿಸಿದಾಗ ಅಣ್ಣ ಪದವಿಯ ಕೊನೆಯ ವರ್ಷದಲ್ಲಿದ್ದ. ಗಣಿತದಲ್ಲಿ ಅವಳಿಗೆ ಬಂದಿದ್ದ ಅಂಕ ಆ ಮನೆಯಲ್ಲಿ ಯಾರಿಗೂ ಬಂದಿರಲಿಲ್ಲ. ಅದೇ ಕಾಲೇಜಿನಲ್ಲಿ ಸೀಟೂ ಸಿಕ್ಕಿತ್ತು. ಅಪ್ಪ ಬಸ್ ಡಿಪೋದಲ್ಲಿ ಬಸ್ಸುಗಳು ಬಂದ ಹೊತ್ತು, ಬಿಟ್ಟ ಹೊತ್ತು ಬರೆದಿಡುವ ಕೆಲಸದವರು. ಮನೆಯಲ್ಲೂ ಅದೇ ಭಾಷೆ.

"ನೀನು ಸೇರ್ಕೊಂಡ್ರೆ ಅವನಿಗೆ ಬರೆಯೋ ಹಾಗಿಲ್ಲವಂತೆ. ಇದೊಂದು ಬಸ್ಸು ಹೋಗ್ಲಿ ಬಿಡಮ್ಮಾ, ಹಿಂದೇನೇ ಇನ್ನೊಂದು ಬರುತ್ತೆ."

ಆ ಬಸ್ಸು ಹೋಯಿತು. ಹಿಂದೆಯೇ ಬಂದದ್ದು ಅಣ್ಣನ ಸ್ನಾತಕೋತ್ತರ ಪದವಿ.

ಪರೀಕ್ಷೆಯೆಂದರೆ ಪರೀಕ್ಷೆಯಷ್ಟೇ ಅಲ್ಲ. ಅಣ್ಣನ ಪುಸ್ತಕಗಳನ್ನು ಅವಳು ಗಟ್ಟಿಯಾಗಿ ಓದಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಡಬೇಕಿತ್ತು. ಕೂತು ಓದುವ ಪುರುಸೊತ್ತು ಎಲ್ಲಿಂದ ಬರಬೇಕು? ಪುಸ್ತಕವನ್ನು ಡಬ್ಬಿಗೆ ಒರಗಿಸಿ, ತರಕಾರಿ ಹೆಚ್ಚುತ್ತಾ ಓದುತ್ತಿದ್ದಳು. ಹಾಗಾಗಿ ಸಮಾಜಶಾಸ್ತ್ರದ ದೊಡ್ಡ ದೊಡ್ಡ ಸಿದ್ಧಾಂತಗಳ ನಡುವೆ ಕುಕ್ಕರಿನ ಸಿಳ್ಳೆ, ಪಾತ್ರೆ ಬಿದ್ದ ಸದ್ದು, "ಉಪ್ಪು ಹಾಕಿದ್ಯೇನೇ?" ಎಂಬ ಅಮ್ಮನ ಕೂಗು ಎಲ್ಲವೂ ಸೇರಿಕೊಳ್ಳುತ್ತಿದ್ದವು. ಅಣ್ಣ ಆ ರೆಕಾರ್ಡಿಂಗುಗಳನ್ನು ಕಣ್ಣು ಕಾಣದ ಗೆಳೆಯರಿಗೂ ಹಂಚುತ್ತಿದ್ದ. ಒಮ್ಮೆ ಅವರಲ್ಲೊಬ್ಬ ಮನೆಗೆ ಬಂದವನು ಅವಳ ದನಿ ಕೇಳಿದ ಕೂಡಲೇ, "ಅಕ್ಕಾ, ನಾಲ್ಕನೇ ಅಧ್ಯಾಯದಲ್ಲಿ ಏನೋ ಸೀದು ಹೋಯ್ತಲ್ಲ, ಆಮೇಲೆ ಏನು ತಿಂದ್ರಿ?" ಎಂದು ಕೇಳಿದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಣ್ಣ ಮಾತ್ರ ಆಮೇಲೆ ಹೇಳಿದ: "ನೋಡು, ಜನ ನಗ್ತಾರೆ. ಓದೋವಾಗ ಬೇರೆ ಕೆಲಸ ಇಟ್ಕೋಬೇಡ ಕಣೇ."

ಅಂತಿಮ ಪರೀಕ್ಷೆಯಲ್ಲಿ ಕುಟುಂಬದೊಳಗಿನ ಶ್ರಮ ವಿಭಜನೆಯ ಮೇಲೆ ಒಂದು ಪ್ರಶ್ನೆ ಬಂದಿತ್ತು. ಅಣ್ಣ ಬೆನ್ನು ನೆಟ್ಟಗೆ ಮಾಡಿ ಕುಳಿತು, ನೀರು ಕುಡಿದಷ್ಟು ಸಲೀಸಾಗಿ ಹೇಳುತ್ತಾ ಹೋದ. ಹೆಣ್ಣಿನ ದುಡಿಮೆ ಲೆಕ್ಕಕ್ಕೆ ಸಿಗದೆ ಹೇಗೆ ಮಾಯವಾಗುತ್ತದೆ, ಅದನ್ನು ಪ್ರೀತಿಯೆಂದು ಕರೆದು ಸಮಾಜ ಹೇಗೆ ಕೈತೊಳೆದುಕೊಳ್ಳುತ್ತದೆ, ಎಲ್ಲವೂ ಬಂತು. ನಡುವೆ ಒಂದೇ ಒಂದು ಸಲ ನಿಲ್ಲಿಸಿದ. "ಅಕ್ಷರ ದುಂಡಗೆ ಬರೀ. ಇದು ಒಳ್ಳೆ ಉತ್ತರ."

ಅವಳು ದುಂಡಗೆ ಬರೆದಳು. ಆ ಪತ್ರಿಕೆಯಲ್ಲಿ ಅವನೇ ಕಾಲೇಜಿಗೆ ಮೊದಲಿಗನಾದ.

ಅಲ್ಲಿಗೆ ಮುಗಿಯಿತು ಎಂದುಕೊಂಡಳು. ಕಾಲೇಜಿನಲ್ಲಿ ಸಂಜೆಯ ತರಗತಿಗಳು ಶುರುವಾಗಿದ್ದವು, ಗಣಿತವೂ ಇತ್ತು. ಹೆಸರು ಕೊಟ್ಟು ಬಂದಳು. ಪಟ್ಟಿಯಲ್ಲಿ ಹೆಸರೂ ಬಂತು. ಅದೇ ವಾರ ಅಣ್ಣ ಉಪನ್ಯಾಸಕರ ಅರ್ಹತಾ ಪರೀಕ್ಷೆಗೆ ಕೂರುವುದಾಗಿ ಹೇಳಿದ. ಕೇಂದ್ರವೂ ಅದೇ ಕಾಲೇಜು, ಷರತ್ತೂ ಅದೇ.

"ಇದೊಂದೇ ಕಣೇ, ಕೊನೇದು" ಎಂದಳು ಅಮ್ಮ. "ಅವನಿಗೊಂದು ಕೆಲಸ ಅಂತ ಆಗಿಬಿಟ್ರೆ ಆಮೇಲೆ ನೀನು ಆಕಾಶಕ್ಕೇ ಹಾರು."

"ಸೇರೋಕೆ ಶುಕ್ರವಾರ ಕಡೇ ದಿನ ಅಮ್ಮ. ಆಮೇಲೆ ಸೀಟು ಹೋಗುತ್ತೆ."

"ಸೀಟಿಗೇನು, ಮುಂದಿನ ವರ್ಷ ಓಡಿಹೋಗುತ್ತಾ? ಅವನ ವಯಸ್ಸು ಓಡುತ್ತೆ."

ಅವಳ ವಯಸ್ಸು ಅಲ್ಲೇ ಬಾಗಿಲ ಬಳಿ ಕೂತಿರುತ್ತದೆ ಎಂಬಂತೆ ಮಾತು ಮುಗಿಯಿತು.

ಮರುದಿನ ಅವಳು ಒಬ್ಬಳೇ ಕಾಲೇಜಿಗೆ ಹೋದಳು. ಅಂಗವಿಕಲ ವಿದ್ಯಾರ್ಥಿಗಳ ಸೌಲಭ್ಯಕ್ಕೆಂದೇ ಅಲ್ಲೊಂದು ಕೋಣೆಯಿತ್ತು. ಅಷ್ಟು ವರ್ಷ ಪರೀಕ್ಷಾ ಕೊಠಡಿಗೆ ಹೋಗಿಬಂದಿದ್ದರೂ ಆ ಕೋಣೆಗೆ ಅವಳು ಕಾಲಿಟ್ಟಿರಲಿಲ್ಲ. ಅಲ್ಲಿನ ಮಾತುಕತೆಯೆಲ್ಲ ಅಣ್ಣನದು. ಮೇಜಿನ ಹಿಂದೆ ಕೂತಿದ್ದ ಮೇಡಂಗೆ ತನ್ನ ಸಂಕಟ ಹೇಳಿಕೊಂಡಳು. ಸೇರಿಕೊಂಡೂ ಈ ಒಂದು ಪರೀಕ್ಷೆಯನ್ನು ಬರೆದುಕೊಡಲು ಅನುಮತಿ ಸಿಗಬಹುದೇ? ತರಗತಿಗಳಿನ್ನೂ ಶುರುವಾಗಿಲ್ಲ, ತನಗೆ ಏನೂ ಗೊತ್ತಿಲ್ಲ ಎಂದು ಬರೆದುಕೊಟ್ಟರೆ ಆದೀತೇ?

ಮೇಡಂ ಕನ್ನಡಕ ತೆಗೆದರು. "ನೀವ್ಯಾಕಮ್ಮಾ ಬರೀಬೇಕು? ಬರೆಯೋರನ್ನ ನಾವೇ ಕೊಡ್ತೀವಲ್ಲ."

"ಈ ವರ್ಷದಿಂದಾನಾ ಮೇಡಂ?"

"ನಾನು ಬಂದಾಗಿಂದಾನೂ ಕೊಡ್ತಿದ್ದೀವಿ. ಹೈಸ್ಕೂಲು ಮಕ್ಕಳು, ಹನ್ನೆರಡು ಮುಗಿಸಿದೋರು, ಬೇಕಾದಷ್ಟು ಜನ ಇದ್ದಾರೆ. ಮುಂಚೆ ಕೂರಿಸಿ ಅಭ್ಯಾಸಾನೂ ಮಾಡಿಸ್ತೀವಿ. ನಿಮ್ಮಣ್ಣನಿಗೆ ಪ್ರತಿ ವರ್ಷ ಕೇಳ್ತೀನಿ. ಬೇಡ ಮೇಡಂ, ಮನೇಲೇ ಇದ್ದಾಳೆ ಅಂತಾರೆ. ನಾನೂ ಅಂದ್ಕೊಂಡೆ, ಓದು ಇಷ್ಟವಿಲ್ಲದ ಹುಡುಗಿ ಅಂತ."

ಗೇಟಿನಲ್ಲಿ ಕಾವಲುಗಾರ "ಏನು ರೈಟರಮ್ಮಾ, ಇವತ್ತು ಒಬ್ರೇ?" ಎಂದು ಕೇಳುವಷ್ಟರಲ್ಲಿ ಅವಳು ಬೀದಿಗೆ ಇಳಿದಿದ್ದಳು.

ಮನೆಯಲ್ಲಿ ಅಣ್ಣ ಕಿವಿಗೆ ಫೋನಿಟ್ಟುಕೊಂಡು ಅವಳದೇ ದನಿಯಲ್ಲಿ ಪಾಠ ಕೇಳುತ್ತಿದ್ದ. ಅವಳು ಫೋನನ್ನು ಕಿತ್ತು ಪಕ್ಕಕ್ಕಿಟ್ಟಳು.

"ಬರೆಯೋರನ್ನ ಕಾಲೇಜೇ ಕೊಡುತ್ತೆ ಅಂತ ನಿಂಗೆ ಗೊತ್ತಿತ್ತಾ?"

ಅಣ್ಣ ಅವಳ ದನಿ ಬಂದ ಕಡೆಗೆ ಮುಖ ತಿರುಗಿಸಿದ. ಸುಳ್ಳು ಹೇಳುವ ಜಾತಿಯವನಲ್ಲ ಅವನು. ಅದೂ ಒಂದು ಕಷ್ಟವೇ. ಸುಳ್ಳಾಡಿದ್ದರೆ ಬೈದಾದರೂ ಮುಗಿಸಬಹುದಿತ್ತು.

"ಗೊತ್ತಿತ್ತು. ಹತ್ತನೇ ಕ್ಲಾಸಲ್ಲಿ ಹೊರಗಿನವನೊಬ್ಬ ನನಗೆ ಬರೆದಿದ್ದ, ನೆನಪಿದ್ಯಾ? ನಾನು ಹೇಳಿದ್ದು ಒಂದು, ಅವನು ಗೀಚಿದ್ದು ಇನ್ನೊಂದು. ಆಕಳಿಸ್ತಾ ಕೂತಿದ್ದ. ಏನು ಬರೆದ ಅಂತ ನೋಡೋಕೆ ನನಗೆ ಕಣ್ಣಿದ್ಯಾ? ಎಲ್ಲರ ಮುಂದೆ ದಡ್ಡ ಅನ್ನಿಸ್ಕೊಂಡೆ. ನೀನಾದ್ರೆ ನಾನು ಬಾಯಿ ತೆಗೆಯೋಷ್ಟರಲ್ಲಿ ತಿಳ್ಕೋತೀಯ. ಆ ಭಯ ನಿನಗೆ ಅರ್ಥ ಆಗಲ್ಲ ಬಿಡು."

"ಭಯ ಅಂತ ನನಗೆ ಹೇಳಬಹುದಿತ್ತಲ್ಲ."

"ನಿನ್ನ ಕೇಳಿದ್ದೆನಲ್ಲ. ಬರೀತೀಯಾ ಅಂತ ನಾನಂದೆ, ಹೂಂ ಅಂತ ನೀನಂದೆ."

"ಬರೀತೀಯಾ ಅಂತ ಕೇಳಿದೆ. ಬೇರೆಯೋರು ಇದ್ದಾರೆ, ಆದ್ರೂ ನಿನ್ನ ಓದು ಬಿಟ್ಟು ಬರೀತೀಯಾ ಅಂತ ಕೇಳ್ಲಿಲ್ಲ."

ಅಪ್ಪ ಪೇಪರಿನಿಂದ ತಲೆಯೆತ್ತಲಿಲ್ಲ. ಅವರಿಗೂ ಗೊತ್ತಿತ್ತು. ಅಮ್ಮನಿಗೂ ಗೊತ್ತಿತ್ತೆಂದು ಅವಳ ಸಿಡುಕಿನಿಂದಲೇ ತಿಳಿಯಿತು. "ಮನೇಲಿ ಒಬ್ಬಳು ಇರುವಾಗ ಬೀದಿಯೋರ ಕಾಲು ಹಿಡೀಬೇಕಿತ್ತಾ? ಹೆಂಗಿದ್ರೂ ಮನೇಲೇ ಇದ್ದೆಯಲ್ಲ!"

ಬರೆಯುವುದಕ್ಕಾಗಿ ಮನೆಯಲ್ಲಿದ್ದಳು. ಮನೆಯಲ್ಲಿದ್ದಾಳೆಂಬ ಕಾರಣಕ್ಕೆ ಬರೆದಳು. ಈ ಗಾಣವನ್ನು ಸುತ್ತುತ್ತಿದ್ದವಳನ್ನು ಬಿಟ್ಟು ಉಳಿದೆಲ್ಲರಿಗೂ ಅದು ಕಾಣುತ್ತಿತ್ತು. ಕಣ್ಣಿಲ್ಲದವನಿಗೂ.

ಗುರುವಾರವೇ ಅವಳು ಸೇರಿಕೊಂಡಳು. ಅಣ್ಣನ ಪರೀಕ್ಷೆಯನ್ನು ಕಾಲೇಜು ಕೊಟ್ಟ ಹುಡುಗಿಯೊಬ್ಬಳು ಬರೆದಳು. ಅವನು ತೇರ್ಗಡೆಯಾದ, ಅದೂ ಒಳ್ಳೆಯ ಅಂಕಗಳಲ್ಲಿ. ಮನೆಯಲ್ಲಿ ಸಿಹಿ ಹಂಚಿದರು. ಹೊರಗಿನವರು ಬರೆದರೂ ಆಗುತ್ತಿತ್ತು ಎಂಬ ಮಾತನ್ನು ಯಾರೂ ಎತ್ತಲಿಲ್ಲ. ಸಿಹಿ ಮಾಡಿ ತಟ್ಟೆಗೆ ಹಾಕಿದವಳೂ ಎತ್ತಲಿಲ್ಲ.

ಅವಳ ಓದಿಗೆ ಮನೆಯವರು ಅಡ್ಡಿ ಮಾಡಲಿಲ್ಲ, ಇದನ್ನು ಒಪ್ಪಲೇಬೇಕು. "ಓದ್ಕೋ, ಯಾರು ಬೇಡ ಅಂದ್ರು? ಮನೆ ಕೆಲಸ ಕೆಡದಿದ್ರೆ ಸಾಕು" ಎಂದರು ಅಪ್ಪ. ಅವಳು ತರಗತಿಗೆ ಹೊರಡುವ ಹೊತ್ತಿಗೆ ಸರಿಯಾಗಿ ಅವರು ಪಾಳಿ ಮುಗಿಸಿ ಬರುತ್ತಿದ್ದರು. ಅವರಿಗೆ ತಿಂಡಿ, ಅಷ್ಟರಲ್ಲಿ ಅದೇ ಕಾಲೇಜಿಗೆ ಉಪನ್ಯಾಸಕನಾಗಿ ಸೇರಿದ್ದ ಅಣ್ಣನಿಗೆ ಕಾಫಿ, ಅಮ್ಮನ ಮಂಡಿಗೆ ಬಿಸಿನೀರಿನ ಶಾಖ, ರಾತ್ರಿಯ ಅಡುಗೆ. ಕಾಲೇಜಿಗೆ ಒಬ್ಬನೇ ಬಸ್ಸು ಬದಲಿಸಿ ಹೋಗಿಬರುತ್ತಿದ್ದ ಅಣ್ಣನಿಗೆ ಮನೆಯಲ್ಲಿ ಕಾಫಿಪುಡಿ ಎಲ್ಲಿದೆಯೆಂದು ತಿಳಿದಿರಲಿಲ್ಲ. ಅದಕ್ಕೆ ಕಣ್ಣು ಕಾರಣವಲ್ಲ. ಎರಡೂ ಕಣ್ಣು ನೆಟ್ಟಗಿದ್ದ ಅಪ್ಪನಿಗೂ ತಿಳಿದಿರಲಿಲ್ಲ. ಎಲ್ಲ ಮುಗಿಸಿ ಅವಳು ಓಡುವಷ್ಟರಲ್ಲಿ ಮೊದಲ ಪಾಠ ಮುಗಿದಿರುತ್ತಿತ್ತು. ಆ ಮೊದಲ ಪಾಠವೇ ಗಣಿತ.

ಪರೀಕ್ಷೆಗೆ ಕೂರುವಂತಿಲ್ಲದವರ ಪಟ್ಟಿಯಲ್ಲಿ ಅವಳ ಹೆಸರು ಬಂತು. ಹಾಜರಾತಿ ಸಾಲದು. ಅವಳು ಮತ್ತೆ ಅದೇ ಮೇಡಂ ಹತ್ತಿರ ಹೋದಳು, ಬೇರೆ ಯಾರ ಪರಿಚಯವೂ ಇರಲಿಲ್ಲ. ಹಾಜರಾತಿಯಲ್ಲಿ ವಿನಾಯಿತಿ ಯಾರ‍್ಯಾರಿಗೆ ಉಂಟೆಂದು ಅವರು ನೋಡಿ ಹೇಳಿದರು. ಕಾಯಿಲೆಯವರಿಗೆ ಉಂಟು, ಅಂಗವಿಕಲರಿಗೆ ಉಂಟು, ಆಟೋಟದವರಿಗೂ ಉಂಟು.

"ಮನೆ ಕೆಲಸ ಅಂತ ಒಂದು ಕಾರಣ ಇದರಲ್ಲಿಲ್ಲಮ್ಮಾ." ಆಮೇಲೆ ದನಿ ತಗ್ಗಿಸಿದರು. "ಪರಿಚಯದ ಡಾಕ್ಟ್ರು ಇದ್ರೆ ಏನೋ ಒಂದು ಕಾಯಿಲೆ ಅಂತ ಬರೆಸ್ಕೊಂಡು ಬಂದ್ಬಿಡಿ. ನಾನು ನೋಡ್ಕೋತೀನಿ."

"ನಂಗೇನೂ ಕಾಯಿಲೆ ಇಲ್ಲ ಮೇಡಂ" ಎಂದು ಅವಳು ಎದ್ದಳು.

ಮನೆಗೆ ಬಂದು ಒಲೆಯ ಮೇಲೆ ಪಾತ್ರೆ ಇಟ್ಟು ವಿಷಯ ಹೇಳಿದಳು. ಅಣ್ಣ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ. ಅವನಿಗೆ ನಿಜಕ್ಕೂ ಬೇಸರವಾಗಿತ್ತು.

"ಪ್ರಿನ್ಸಿಪಾಲರಿಗೆ ನಾನು ಹೇಳ್ತೀನಿ. ನನ್ನ ಮಾತು ನಡೆಯುತ್ತೆ ಅಲ್ಲಿ."

"ಏನಂತ ಹೇಳ್ತೀಯ?"

"ಮನೇಲಿ ತೊಂದರೆ ಇತ್ತು ಅಂತ."

"ಯಾವ ತೊಂದರೆ? ಅವರು ಕೇಳ್ತಾರೆ, ಹೇಳು. ನಾನು ಬರ‍್ಕೋತೀನಿ."

ಮಾತಿಗೆ ಎಂದೂ ತಡಕಾಡದ ಅಣ್ಣ ಪಕ್ಕದಲ್ಲಿದ್ದ ಫೋನಿಗೆ ತಡಕಾಡಿದ. ಅಪ್ಪ ಎದ್ದು ಕಿಟಕಿಯ ಬಳಿ ಹೋಗಿ ನಿಂತರು.

"ಒಲೆ ಮೇಲಿಂದು ತಳ ಹಿಡೀತಿದೆ, ಯಾರಾದ್ರೂ ನೋಡ್ರೋ!" ಎಂದು ಅಮ್ಮ ಮಂಚದಿಂದ ಕೂಗಿದಳು. ಆ ಮನೆಯಲ್ಲಿ ಯಾರಾದರೂ ಎಂದರೆ ಒಬ್ಬಳೇ. ಪರೀಕ್ಷೆಗೆ ಕೂರುವಂತಿಲ್ಲ, ನಿಜ. ಪಾಠಕ್ಕೆ ಕೂರಬಾರದೆಂದು ಯಾರೂ ಹೇಳಿರಲಿಲ್ಲ. ಮೊದಲ ಪಾಠಕ್ಕೆ ಇನ್ನೂ ಹೊತ್ತಿತ್ತು. ಅವಳು ಚಪ್ಪಲಿ ಮೆಟ್ಟಿಕೊಂಡು ಹೊರಬಿದ್ದಳು. ಸೀದ ವಾಸನೆ ಬೀದಿಯ ತಿರುವಿನವರೆಗೂ ಅವಳ ಹಿಂದೆ ಬಂತು. ಒಲೆ ಆರಿಸಲು ಮೂವರಲ್ಲಿ ಯಾರು ಎದ್ದರೋ, ಅವಳು ತಿರುಗಿ ನೋಡಲಿಲ್ಲ.