ಹಿಂದಿನವನ ಕೂಗು

ಸವಣೂರಿನ ಉಡಚಪ್ಪನ ಬಗ್ಗೆ ಬರೆಯಲು ಕುಳಿತರೆ ಲೇಖನಿಗಿಂತ ಮೊದಲು ನನ್ನ ತಲೆ ಬಾಗುತ್ತದೆ.

ಅವನು ವೀಳ್ಯದ ಎಲೆಬಳ್ಳಿ ತೋಟದ ಕೆಲಸದವನು. ಎಲೆ ಬಾಡುವ ಮುನ್ನ ಮೊದಲ ಬಸ್ಸಿಗೆ ಮುಟ್ಟಿಸಬೇಕೆಂದು ಇಪ್ಪತ್ತು ವರ್ಷ ಪೆಂಡಿ ಹೊತ್ತು ಓಡಿದವನು. ರಸ್ತೆಯ ಗುಣವನ್ನು ಅವನಷ್ಟು ಬಲ್ಲವರು ನಮ್ಮಲ್ಲಿ ಇರಲಿಲ್ಲ. ಹೀಗಾಗಿ ನವರಾತ್ರಿಗೆ ನಮ್ಮ ಭಜನಾ ಮಂಡಳಿ ಶಿಗ್ಗಾಂವಿಯಿಂದ ಸವಣೂರಿನ ಮಠಕ್ಕೆ ದೀವಟಿಗೆ ಹಿಡಿದು ಓಡುತ್ತ ಜ್ಯೋತಿ ತರುವಾಗ, ಹನ್ನೊಂದು ಜನರ ಸಾಲಿನ ಕೊನೆಯ ಜಾಗ ಅವನದೇ ಆಗಿತ್ತು.

ಎದುರು ಬರುವ ಗಾಡಿ ಕಾಣುವಂತೆ ಬಲ ಅಂಚು ಹಿಡಿದು ಒಬ್ಬರ ಹಿಂದೊಬ್ಬರು ಓಡಬೇಕು, ತಿರುವು ಬಂದರೆ ಭಜನೆ ನಿಲ್ಲಿಸಿ ಕಿವಿಗೊಡಬೇಕು ಎಂಬುದು ಅವನ ಕಟ್ಟಳೆ. ನಸುಕಿನಲ್ಲಿ ಗಾಡಿಯವರಿಗೆ ಕಾಣಲೆಂದು ಬೆನ್ನಿಗೆ ಬಿಳಿ ಪಂಚೆಯ ತುಂಡು ಕಟ್ಟಿಕೊಂಡ ಅವನು, ಹಿಂದೆ ಗಾಡಿ ಬಂದರೆ "ಬದಿಗೆ" ಎಂದು ಕೂಗುವನು. ಆಗ ಎಲ್ಲರೂ ಮಣ್ಣಿಗಿಳಿಯಬೇಕು.

೧೯೭೮ರಲ್ಲಿ ದೀವಟಿಗೆ ನನ್ನ ಕೈಗೆ ಬಂತು. ನಾನು ಮಂಡಳಿಯ ಪ್ರವಚನಕಾರ. ದೇವರ ಬೆಳಕು ರಸ್ತೆಯ ಬದಿ ಹಿಡಿದು ಹೋಗುವುದು ಅಪಚಾರ, ಗಾಡಿಗಳೇ ಅದಕ್ಕೆ ದಾರಿ ಬಿಡಬೇಕು ಎಂದು ನಾನು ವಾದಿಸಿದೆ.

"ನಿಮ್ಮ ಪ್ರವಚನ ಲಾರಿಯವ ಕೇಳಿಲ್ಲಲ್ರಿ, ಬುದ್ಧ್ಯಾರ," ಎಂದ ಉಡಚಪ್ಪ.

ಎಲ್ಲರೂ ನಕ್ಕರು. ಆ ನಗು ನನಗೆ ಚುಚ್ಚಿತು. ಆ ಮುಂಜಾನೆ ನಾನು ರಸ್ತೆಯ ನಡುವೆಯೇ ಓಡಿದೆ. ಸಾಲು ನನ್ನನ್ನು ಹಿಂಬಾಲಿಸಿತು.

ತಿರುವಿನಲ್ಲೂ ನಾನು ಭಜನೆ ನಿಲ್ಲಿಸಲಿಲ್ಲ. ನಾನೊಂದು ಸಾಲು ಹೇಳಿದರೆ ಉಳಿದವರು ಅದನ್ನು ತಿರುಗಿ ಹಾಡುತ್ತಿದ್ದರು. ಅವರು ಹಾಡುವಾಗ ನಾನೊಬ್ಬನೇ ಮೌನ. ಆ ಮೌನದಲ್ಲಿ "ಬದಿಗೆ" ಎಂಬ ಕೂಗು ನನಗೆ ಸ್ಪಷ್ಟವಾಗಿ ಕೇಳಿಸಿತು. ಹಾಡುವವರಿಗೆ ಅದು ಕೇಳಿಸಲಿಲ್ಲ. ನಾನು ಸರಿಯಲಿಲ್ಲ, ಮುಂದಿನ ಸಾಲು ಎತ್ತಿಕೊಂಡೆ.

ಉಡಚಪ್ಪ ಮುಂದೆ ಓಡಿ ಬಂದು ಒಬ್ಬೊಬ್ಬರನ್ನೇ ಬದಿಗೆ ನೂಕತೊಡಗಿದ. ಲಾರಿಯ ಹಾರ್ನು ಬೆನ್ನಿಗೆ ಬಡಿದಾಗ, ದೇವರ ಬೆಳಕನ್ನು ಎಸೆದು ಗಟಾರಕ್ಕೆ ಹಾರಿದವನು ನಾನು. ತಾಳದ ನೀಲಪ್ಪನನ್ನು ನೂಕಿ ಉಳಿಸಿದ ಉಡಚಪ್ಪನ ಬಲಪಾದ ಗಾಲಿಗೆ ಸಿಕ್ಕಿತು.

ಆರಿದ ದೀವಟಿಗೆಗೆ ಕಡ್ಡಿ ಗೀರಿ ಮಠಕ್ಕೆ ಒಯ್ದೆವು. ಹಿರಿಯರು ವಿಚಾರಿಸಿದಾಗ ಕೂಗು ಬರಲೇ ಇಲ್ಲವೆಂದೆ. ಯಾರಿಗೂ ಕೇಳಿಸಿರಲಿಲ್ಲವಾದ್ದರಿಂದ ಎಲ್ಲರೂ ನಂಬಿದರು. ಅರ್ಧ ಪಾದ ಕಳೆದುಕೊಂಡವನಿಗೆ ಎಚ್ಚರಗೇಡಿ ಎಂಬ ಹೆಸರೂ ಅಂಟಿತು. ಆ ವರ್ಷವಿಡೀ ನಾನು ಸತ್ಯದ ಮಹಿಮೆಯನ್ನು ಬೋಧಿಸಿದೆ.

ಮರುವರ್ಷ ಕೊನೆಯ ಜಾಗಕ್ಕೆ ಬೇರೊಬ್ಬನನ್ನು ಆರಿಸಿದ ಮೇಲೆ ಉಡಚಪ್ಪನ ಮನೆಗೆ ಹೋದೆ. ಅವನ ಹೆಂಡತಿ ಕರೆವ್ವ ಕಂಬಳಿ ಹಾಸಿ, ನಾನು ನೋಡಲು ಬಂದದ್ದೇ ಪುಣ್ಯ ಎಂದಳು. ನನಗೆ ಕುಳಿತುಕೊಳ್ಳಲಾಗಲಿಲ್ಲ.

ಉಡಚಪ್ಪ ಕಾಲಿನ ಮಾತು ತೆಗೆಯಲಿಲ್ಲ. "ಒಂದ ಹೇಳ್ರಿ. ಅವತ್ತ ನನ್ನ ಕೂಗು ನಿಮಗ ಕೇಳಿತ್ತೇನ್ರಿ? ನಾ ದನೀನ ಎತ್ತಲಿಲ್ಲೇನೋ ಅಂತ ದಿನಾ ವಿಚಾರ ಮಾಡಾಕತ್ತೇನಿ."

"ಕೇಳಿತ್ತು," ಎಂದೆ.

ಅವನು ಗೋಡೆಗೆ ಕೈಯೂರಿ ಎದ್ದು ನಿಂತ. "ಹಂಗಾರ ಅದನ್ನ ಮಂದಿ ಮುಂದ ಹೇಳ್ರಿ. ಕೂಗಿದ್ರೂ ಮುಂದಿನವ್ರಿಗೆ ಕೇಳಂಗಿಲ್ಲ ಅಂತ ಹಿಂದಿನಾವ ಕೂಗೂದು ಬಿಡಬಾರದು."

ಸೋಮವಾರದ ಭಜನೆಯಲ್ಲಿ ಹೇಳಿದೆ. ಯಾರೂ ಬೈಯಲಿಲ್ಲ. ನೀಲಪ್ಪ ತಾಳವನ್ನು ಕೆಳಗಿಟ್ಟು ಎದ್ದು ಹೋದ. ಮಂಡಳಿಯವರು ಉಡಚಪ್ಪನ ಮನೆಗೆ ಹೋಗಿ ಕ್ಷಮೆ ಕೇಳಿ, ಕೊನೆಯವನನ್ನು ಆರಿಸುವ ಮಾತನ್ನು ಅವನಿಗೇ ಬಿಟ್ಟರು. ಅವನು ನನ್ನ ಹೆಸರು ಹೇಳಿದ.

ಅಂದಿನಿಂದ ಎಂಟು ನವರಾತ್ರಿಗಳು ಕಳೆದಿವೆ. ಪ್ರತಿ ಸಲವೂ ಅವನು ಕೋಲೂರಿಕೊಂಡು ಬಂದು ಬಿಳಿ ತುಂಡನ್ನು ನನ್ನ ಬೆನ್ನಿಗೆ ತಾನೇ ಕಟ್ಟುತ್ತಾನೆ. ಗಂಟು ಬಿಗಿಯಾಯಿತೇ ಎಂದಷ್ಟೇ ಕೇಳುತ್ತಾನೆ. ನಾನು ಕೊನೆಯಲ್ಲಿ ಓಡುತ್ತೇನೆ. ಗಾಡಿಯ ಸದ್ದಾದರೆ "ಬದಿಗೆ" ಎಂದು ಕೂಗಿ, ಮುಂದಿನವನು ಮಣ್ಣಿಗಿಳಿಯುವ ತನಕ ದೇವರನ್ನು ಬೇಡುತ್ತೇನೆ: ಶಿವನೇ, ಅವನು ನನ್ನಂಥವನಾಗದಿರಲಿ.