ಹೆಡ್ವಿಕಾಳ ಕೆಸರು

ನಾನು ಮೊದಲು ಹೊಟ್ಟೆಕಿಚ್ಚು ಪಟ್ಟದ್ದು ಹೆಡ್ವಿಕಾಳ ಮೇಲಲ್ಲ, ಅವಳು ಮಾಡಿದ ಕೇಕಿನ ಮೇಲೆ. ಕೇಕಿಗೆ ಕರುಬಿದ ಗಂಡಸು ನಮ್ಮ ವಿಷ್ಕೊವ್ ಊರಿನಲ್ಲಿ ಇನ್ನೊಬ್ಬನಿದ್ದರೆ ಅವನ ಮುಖ ನೋಡಬೇಕೆಂದು ನನಗೆ ಬಹಳ ಆಸೆ.

ನಮ್ಮದು ಮಾದರಿ ಟ್ಯಾಂಕ್ ಮಾಡುವವರ ಸಂಘ. ರೈಲು ನಿಲ್ದಾಣದ ಹತ್ತಿರವಿರುವ ಬಿಯರ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಗುರುವಾರ ಸಂಜೆ ಸೇರುತ್ತೇವೆ. ಅಂಗೈ ಮೇಲೆ ಕೂರುವಷ್ಟು ಚಿಕ್ಕ ಪ್ಲಾಸ್ಟಿಕ್ ಟ್ಯಾಂಕನ್ನು ಜೋಡಿಸಿ, ಬಣ್ಣ ಹಚ್ಚಿ, ಆಮೇಲೆ ಹಚ್ಚಿದ ಬಣ್ಣವನ್ನು ಶ್ರದ್ಧೆಯಿಂದ ಕೆಡಿಸುವುದು ನಮ್ಮ ಕಾಯಕ. ಹೊಸದಾಗಿ ಹೊಳೆಯುವ ಟ್ಯಾಂಕು ಮಕ್ಕಳ ಆಟಿಕೆ. ತುಕ್ಕು, ಮಸಿ, ಸವಕಳಿ, ಕೆಸರು ಬಂದ ಮೇಲೆಯೇ ಅದಕ್ಕೆ ಜೀವ. ಊರಾಚೆಯ ಮಿಲಿಟರಿ ಮೈದಾನದಲ್ಲಿ ನಿಜವಾದ ಟ್ಯಾಂಕುಗಳು ಎಬ್ಬಿಸುವ ಕೆಸರನ್ನು ಹುಟ್ಟಿದಾಗಿನಿಂದ ನೋಡಿ ಬೆಳೆದವರು ನಾವು. ಕೆಸರಿನ ವಿಷಯದಲ್ಲಿ ಯಾರೂ ನಮಗೆ ಪಾಠ ಹೇಳಬೇಕಿಲ್ಲ ಎಂದುಕೊಂಡಿದ್ದೆವು.

ಅದರಲ್ಲೂ ನಾನು. ಹಗಲೆಲ್ಲ ಸೋಫಾ, ಕಪಾಟುಗಳ ಗೋದಾಮಿನಲ್ಲಿ ಸಾಮಾನು ಎತ್ತಿಡುವ ಫೋರ್ಕ್‌ಲಿಫ್ಟ್ ಓಡಿಸುವ ನನಗೆ ಜಗತ್ತಿನಲ್ಲಿದ್ದ ಒಂದೇ ಬಿರುದು ‘ಚಳಿಗಾಲದ ರಾದಿಮ್’. ಯುದ್ಧದ ಕಾಲದಲ್ಲಿ ಹಿಮ ಬಿದ್ದೊಡನೆ ಸೈನಿಕರು, ಶತ್ರುವಿನ ಕಣ್ಣಿಗೆ ಬೀಳದಿರಲೆಂದು, ಹಸಿರು ಟ್ಯಾಂಕಿಗೆ ಪೊರಕೆಯಿಂದ ಸುಣ್ಣ ಬಳಿದುಬಿಡುತ್ತಿದ್ದರಂತೆ. ಆ ಸುಣ್ಣ ಅಲ್ಲಲ್ಲಿ ಎದ್ದು, ಕೆಳಗಿನಿಂದ ಕೆಸರು ಮೆತ್ತಿಕೊಂಡ ಟ್ಯಾಂಕು ನನ್ನ ವಿಶೇಷ. ವಸಂತದಲ್ಲಿ ಬ್ರನೋ ನಗರದಲ್ಲಿ ನಡೆಯುವ ಪ್ರದರ್ಶನದಲ್ಲಿ ನಮ್ಮ ಸಂಘಕ್ಕೆ ಸಿಗುವುದು ಪುಟ್ಟ ಮೇಜು. ಚಳಿಗಾಲದ ಟ್ಯಾಂಕಿಗೆ ಅದರ ಮೇಲೆ ಒಂದೇ ಜಾಗ. ಆ ಜಾಗ ಹಲವು ವರ್ಷಗಳಿಂದ ನನ್ನದು. ಅದು ಹೋದರೆ ನಾನು ಬರೀ ಫೋರ್ಕ್‌ಲಿಫ್ಟ್‌ನವನು.

ಸಂಘದ ಹುಟ್ಟುಹಬ್ಬಕ್ಕೆ ಅಧ್ಯಕ್ಷ ಎವ್ಜೆನ್ ಟ್ಯಾಂಕಿನ ಆಕಾರದ ಕೇಕಿಗೆ ಹೇಳಿದ್ದ. ಎವ್ಜೆನ್ ಬಸ್ ಓಡಿಸಿ ನಿವೃತ್ತನಾದವನು, ಮಾತಿಗೆ ಬ್ರೇಕಿಲ್ಲ. ಡಬ್ಬ ತೆರೆದಾಗ ಎಲ್ಲರೂ ಮೇಜಿನ ಸುತ್ತ ಮುತ್ತಿಕೊಂಡರು. ಸಕ್ಕರೆ ಪುಡಿಯ ಹಿಮ, ಅದರ ನಡುವೆ ಚಕ್ರಗಳನ್ನು ಸುತ್ತಿದ ಸರಪಳಿಯಿಂದ ಇನ್ನೇನು ಉದುರಿಬಿಡುತ್ತದೆ ಎನ್ನುವಂತೆ ನಿಂತ ಚಾಕೊಲೇಟ್ ಕೆಸರು.

“ರಾದಿಮ್, ಬಾರೋ ಇಲ್ಲಿ. ಈ ಕೆಸರು ನಿಂದಕ್ಕಿಂತ ಚೆನ್ನಾಗಿದೆ,” ಎಂದ ಎವ್ಜೆನ್.

“ಅದು ಚಾಕೊಲೇಟು.”

“ಅದಕ್ಕೇ ಹೇಳ್ತಿರೋದು ಮರಿ. ಚಾಕೊಲೇಟೇ ನಿನ್ನ ಕೆಸರಿಗಿಂತ ಕೆಸರಾಗಿದೆ.”

ಕತ್ತರಿಸಲು ಯಾರಿಗೂ ಮನಸ್ಸು ಬರಲಿಲ್ಲ. ನನಗೆ ಬಂತು. ಎಡಗಡೆಯ ಸರಪಳಿಯನ್ನು ಚಕ್ರಗಳ ಸಮೇತ ತಿಂದು ಮುಗಿಸಿದೆ. ರುಚಿಯೂ ಚೆನ್ನಾಗಿತ್ತು, ಅದು ಇನ್ನಷ್ಟು ಉರಿಸಿತು.

ಕೇಕಿನ ಹಲಗೆ ವಾಪಸು ಒಯ್ಯಲು ಬಂದವಳೇ ಹೆಡ್ವಿಕಾ. ಐವತ್ತು ದಾಟಿದ ಹೆಂಗಸು, ಅಗಲ ಭುಜ, ಸಿಗರೇಟಿನಿಂದ ಒಡೆದ ದನಿ. ಶಾಲೆ ಬಿಟ್ಟಂದಿನಿಂದ ಚೌಕದ ಕೇಕ್ ಅಂಗಡಿಯಲ್ಲಿ ಕೆಲಸ. ಊರಿನ ಅರ್ಧ ಮದುವೆಗಳ ಕೇಕು ಅವಳ ಕೈಯದ್ದೇ. “ಅದರಲ್ಲಿ ಎಷ್ಟೋ ಮದುವೆ ಮುರಿದುಬಿದ್ವು. ನನ್ನವೇ ಎರಡು. ಕೇಕ್ ಮಾತ್ರ ಒಂದೂ ಕುಸೀಲಿಲ್ಲ,” ಎಂದು ತಾನೇ ಹೇಳಿಕೊಂಡು ನಗುವವಳು. ಮೊದಲ ಗಂಡನನ್ನು ಅವಳೇ ಹೊರಗೆ ಹಾಕಿದ್ದು, ಎರಡನೆಯವನು ಆ ತೊಂದರೆ ಕೊಡದೆ ತಾನೇ ಹೋದದ್ದು.

ನಮ್ಮ ಮೇಜಿನ ಮೇಲಿದ್ದ ಟ್ಯಾಂಕುಗಳನ್ನು ಅವಳು ಬಗ್ಗಿ ನೋಡಿದಳು. ಮಣ್ಣಿನ ಪುಡಿಯ ಡಬ್ಬಿಗಳು, ಕತ್ತರಿಸಿದ ಹುಲ್ಲು, ಹಳೆ ಟೂತ್‌ಬ್ರಷ್ಷು.

“ಇಷ್ಟು ಜನ ಗಂಡಸರು ಗಲೀಜು ಮಾಡೋಕೆ ಅಂತಾನೇ ಸೇರ್ತೀರಾ?”

“ಹೌದು ಮೇಡಂ,” ಎಂದ ಎವ್ಜೆನ್.

“ಜೀವಮಾನ ಪೂರ್ತಿ ಚೆಂದ ಮಾಡಿ ಮಾಡಿ ನನಗೆ ಸಾಕಾಗಿದೆ. ಗುಲಾಬಿ, ಹಂಸ, ಮತ್ತೆ ಗುಲಾಬಿ. ಇಂಥದ್ದೊಂದಿದೆ ಅಂತ ಗೊತ್ತಿದ್ರೆ ಯಾವಾಗ್ಲೋ ಬರ್ತಿದ್ದೆ.” ಮುಂದಿನ ಗುರುವಾರ ಬಂದೇಬಿಟ್ಟಳು. ನನ್ನ ಪಕ್ಕದ ಕುರ್ಚಿಯೇ ಖಾಲಿ ಇತ್ತು. ಅದು ನನ್ನ ಹಣೆಬರಹ.

ಮೊದಲ ಟ್ಯಾಂಕಿನ ಚಕ್ರಗಳನ್ನು ಅವಳು ತಿರುಗಾಮುರುಗಾ ಅಂಟಿಸಿದಾಗ ನನಗಾದ ಸಂತೋಷ ಬರೆದು ತೀರುವುದಲ್ಲ. ಎರಡನೆಯದರಲ್ಲಿ ಸಂತೋಷ ಕಡಿಮೆಯಾಯಿತು. ಚಳಿಗಾಲ ಬರುವಷ್ಟರಲ್ಲಿ ಅವಳ ಮೂರನೆಯ ಟ್ಯಾಂಕಿನ ಸುತ್ತ ಜನ ನಿಲ್ಲತೊಡಗಿದರು. ಅದೂ ಸುಣ್ಣ ಬಳಿದ ಟ್ಯಾಂಕೇ. ಜಗತ್ತಿನಲ್ಲಿ ಮರಳುಗಾಡಿನ ಟ್ಯಾಂಕುಗಳೂ ಇದ್ದವು; ಅವಳಿಗೆ ಬೇಕಾದದ್ದು ನನ್ನ ಹಿಮವೇ.

ನಾನು ಅವಳ ಕೈಯನ್ನು ಕದ್ದು ನೋಡತೊಡಗಿದೆ. ಯಾವ ಬಣ್ಣದ ಮೇಲೆ ಯಾವುದು, ಎಷ್ಟು ನೀರು, ಯಾವ ಬೆರಳಿನಿಂದ ಒರೆಸುತ್ತಾಳೆ, ಎಲ್ಲವೂ ಬಾಯಿಪಾಠವಾಯಿತು. ಕೇಳಬಹುದಿತ್ತು. ಆದರೆ ಚಳಿಗಾಲದ ರಾದಿಮ್ ಹೋಗಿ ಕೇಕಿನವಳನ್ನು ಕೇಳುವುದೇ? ಗುರುವಾರ ಸಾಲದೆ ಅಂಗಡಿಗೂ ಹೋದೆ. ಗಾಜಿನಾಚೆ ಅವಳು ಕೆನೆ ಹಿಂಡುವುದನ್ನು ನೋಡುತ್ತ ಕೆನೆ ತುಂಬಿದ ಸುರುಳಿ ತಿಂದೆ. ವಿದ್ಯೆಯೇನೂ ಹತ್ತಲಿಲ್ಲ, ಪ್ಯಾಂಟು ಮಾತ್ರ ಬಿಗಿಯಾಯಿತು.

ನನ್ನ ಟ್ಯಾಂಕು ಕೆಟ್ಟದ್ದೂ ಅಂಥ ಒಂದು ದಿನವೇ. ಸುಣ್ಣ ಎದ್ದಂತೆ ಕಾಣಿಸಲು ನಾವು ಹಸಿರಿನ ಮೇಲೆ ಕೂದಲಿಗೆ ಹೊಡೆಯುವ ಸ್ಪ್ರೇ ಹೊಡೆದು, ಅದರ ಮೇಲೆ ಬಿಳಿ ಹಚ್ಚುತ್ತೇವೆ. ಬಿಳಿ ಪೂರ್ತಿ ಗಟ್ಟಿಯಾಗುವ ಮೊದಲೇ ಒದ್ದೆ ಬ್ರಷ್ಷಿನಿಂದ ತಿಕ್ಕಬೇಕು. ಕೆಳಗಿನ ಸ್ಪ್ರೇ ಕರಗಿ ಬಿಳಿ ಚೂರುಚೂರಾಗಿ ಏಳುತ್ತದೆ. ನಾನು ಬಿಳಿ ಹಚ್ಚಿಟ್ಟು, ಅವಳು ಈಗೇನು ಮಾಡುತ್ತಿರಬಹುದೆಂದು ಅಂಗಡಿಗೆ ಹೋದವನು ಬಾಗಿಲು ಹಾಕುವವರೆಗೂ ಅಲ್ಲೇ ಕೂತೆ. ಮರುದಿನ ಬ್ರಷ್ ಹಿಡಿದರೆ ಬಿಳಿ ಕಲ್ಲಾಗಿತ್ತು. ಹಟಕ್ಕೆ ಬಿದ್ದು ತಿಕ್ಕಿದೆ. ಬಿಳಿಯ ಜೊತೆ ಹಸಿರೂ ಹೋಗಿ ಬೂದು ಪ್ಲಾಸ್ಟಿಕ್ ಹಲ್ಲು ಕಿರಿಯಿತು. ಅದನ್ನು ಮುಚ್ಚಲು ಕೆಸರು, ಆ ಕೆಸರನ್ನು ಸರಿದೂಗಿಸಲು ಇನ್ನಷ್ಟು ಕೆಸರು.

ಪ್ರದರ್ಶನದ ಮೇಜಿಗೆ ಟ್ಯಾಂಕು ಆರಿಸುವ ದಿನ ಎವ್ಜೆನ್ ಅದನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದ. “ರಾದಿಮ್, ಇದರೊಳಗೆ ಟ್ಯಾಂಕ್ ಇದೆಯೇನೋ? ಆಲೂಗಡ್ಡೆ ಅಗೆದು ತಂದ ಹಾಗಿದೆ.”

ಎಲ್ಲರ ಕೈಯೂ ಹೆಡ್ವಿಕಾಳ ಟ್ಯಾಂಕಿಗೆ ಎದ್ದಿತು. ನನ್ನದೂ ಎದ್ದಿತು, ಭುಜದವರೆಗೆ. ನಮ್ಮ ಸಂಘದಲ್ಲಿ ಒಂದು ಪದ್ಧತಿಯಿದೆ: ಜಾಗ ಕಳೆದುಕೊಂಡವನೇ ಪ್ರದರ್ಶನದಲ್ಲಿ ಮೇಜು ಕಾಯಬೇಕು. ಆ ನಿಯಮ ಮಾಡಿದಾಗ ಜೋರಾಗಿ ಚಪ್ಪಾಳೆ ತಟ್ಟಿದವನು ನಾನೇ.

ಬ್ರನೋದಲ್ಲಿ ಮಧ್ಯಾಹ್ನ ಹೆಡ್ವಿಕಾ ಸಾಸೇಜ್ ತಿನ್ನಲು ಹೊರಗೆ ಹೋಗಿದ್ದಾಗ ಒಸ್ತ್ರಾವಾ ಊರಿನ ಕಡೆಯ ಮುದುಕರೊಬ್ಬರು ಬಂದರು. ಜೇಬಿನಲ್ಲಿ ಟಾರ್ಚು, ಕೈಯಲ್ಲಿ ಹಲ್ಲಿನ ಡಾಕ್ಟರು ಬಳಸುವಂಥ ಪುಟ್ಟ ಕನ್ನಡಿ. ಅವಳ ಟ್ಯಾಂಕಿನ ಮುಂದೆ ನಿಂತವರು ಅಲುಗಲಿಲ್ಲ.

“ಏನಪ್ಪಾ, ಈ ಸುಣ್ಣ ಇಷ್ಟು ತೆಳ್ಳಗೆ ಹೇಗೆ ಎಬ್ಬಿಸಿದ್ದು?”

ಹೇಗೆ ಎಂದರು, ಯಾರು ಎನ್ನಲಿಲ್ಲ. ಹೇಗೆಂದು ನಾನು ಹೇಳಿದೆ. ಸ್ಪ್ರೇ ಎರಡು ಸಲ, ಬಿಳಿಗೆ ಚೂರು ಹಳದಿ, ಬ್ರಷ್ಷನ್ನು ಬೆಚ್ಚಗಿನ ನೀರಿಗೆ ಅದ್ದುವುದು.

“ಭಲೇ! ಕೆಸರಿನ ಅಂಚು ಒದ್ದೆ ಇದೆಯಲ್ಲ?”

ಅದನ್ನೂ ಹೇಳಿದೆ. ಒಣಗಿದ ಮಣ್ಣಿಗೆ ತಿಳಿ ಬಣ್ಣ, ಒದ್ದೆಗೆ ಗಾಢ, ಹೊಳಪು ಸಂದಿಗಳಲ್ಲಿ ಮಾತ್ರ. ಮುದುಕರ ಕಣ್ಣಲ್ಲಿ ಮೆಚ್ಚುಗೆ ಏರುತ್ತಿತ್ತು. ಎಷ್ಟು ವರ್ಷ ಆ ಮೇಜಿನ ಮೇಲೆ ನನ್ನ ಟ್ಯಾಂಕು ಕೂತಿತ್ತು, ಒಬ್ಬರೂ ನನ್ನನ್ನು ಹೀಗೆ ನೋಡಿರಲಿಲ್ಲ. ಬೆನ್ನು ತಾನಾಗಿಯೇ ನೆಟ್ಟಗಾಯಿತು.

ಅವರು ಕನ್ನಡಿಯನ್ನು ಟ್ಯಾಂಕಿನ ಹೊಟ್ಟೆಯ ಕೆಳಗೆ ತೂರಿಸಿ ಟಾರ್ಚು ಬಿಟ್ಟರು.

“ಅಬ್ಬಾ, ಇಲ್ಲಿ ನೋಡು! ಕೆಸರಿನ ಹನಿಗಳು ನೆಲದ ಕಡೆಗೇ ಇಳಿಬಿದ್ದಿವೆ. ಎಲ್ಲರೂ ಮಾಡೋ ಟ್ಯಾಂಕಲ್ಲಿ ಹನಿ ಹೊಟ್ಟೆಗೇ ಚಪ್ಪಟೆಯಾಗಿ ಅಂಟಿಕೊಂಡಿರುತ್ತೆ. ನನ್ನದರಲ್ಲೂ ಅಷ್ಟೇ. ಇದೊಂದು ಹೇಗೆ ಮಾಡಿದೆ, ಹೇಳು.”

ನಾನೂ ಬಗ್ಗಿ ಕನ್ನಡಿಯೊಳಗೆ ನೋಡಿದೆ. ನಿಜ. ಚಳಿಗಾಲವೆಲ್ಲ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಿದ್ದ ನನಗೆ ಇದು ಗೊತ್ತೇ ಇರಲಿಲ್ಲ. ಗೊತ್ತಿದ್ದರೆ ಹೇಳಿಬಿಡುತ್ತಿದ್ದೆನೋ ಏನೋ.

“ಇದು ನಂದಲ್ಲ,” ಎಂದೆ. “ಅವರದ್ದು.” ಹೆಡ್ವಿಕಾ ಬಾಯಿ ಒರೆಸಿಕೊಳ್ಳುತ್ತ ಆಗಲೇ ನನ್ನ ಹಿಂದೆ ಬಂದು ನಿಂತಿದ್ದಳು. ಯಾವಾಗಿನಿಂದಲೋ.

“ನಿಂದಲ್ವಾ? ಮತ್ತೆ ಇಷ್ಟೆಲ್ಲ ಹೇಗೆ ಗೊತ್ತು?” ಎಂದು ಮುದುಕರು ಹುಬ್ಬೇರಿಸಿದರು.

“ಚಳಿಗಾಲ ಪೂರ್ತಿ ನನ್ನ ಕೈ ನೋಡ್ತಾ ಕೂತಿದ್ದ ಕಣ್ರೀ. ಮೂಳೆ ನೋಡೋ ನಾಯಿ ಥರ,” ಎಂದಳು ಹೆಡ್ವಿಕಾ. ಆಮೇಲೆ ಅವರ ಕಡೆ ತಿರುಗಿ, ಮುಚ್ಚುಮರೆಯಿಲ್ಲದೆ, “ನೀವೆಲ್ಲ ಟ್ಯಾಂಕನ್ನ ಅಂಗಾತ ಮಲಗಿಸಿ ಕೆಸರು ಹಚ್ಚಿ, ಹಾಗೇ ಒಣಗೋಕೆ ಬಿಡ್ತೀರ. ನಾನು ಹಚ್ಚಿದ ತಕ್ಷಣ ನೆಟ್ಟಗೆ ಮಾಡಿ, ಎರಡು ಡಬ್ಬಿ ಮೇಲೆ ನಿಲ್ಲಿಸ್ತೀನಿ. ಕೇಕ್ ಅಂಚಲ್ಲಿ ಸಕ್ಕರೆ ಪಾಕ ಇಳಿಯೋ ಹಾಗೆ ತಾನೇ ಇಳಿಯುತ್ತೆ. ಮನೇಲಿ ಮಾಡೋ ಕೆಲಸ ಅದು.”

ಅಷ್ಟೇ. ಎರಡು ಡಬ್ಬಿ.

“ಬಂದು ಒಂದು ಗಳಿಗೆ ಆಗದವರಿಗೆ ಹೇಳ್ತೀರಿ. ನನಗೆ ಹೇಳ್ಲೇ ಇಲ್ವಲ್ಲ, ಮೇಡಂ?”

“ಅವರು ಕೇಳಿದ್ರು ಕಣೋ. ನೀನು ಯಾವತ್ತು ಕೇಳಿದೆ?”

ಮುದುಕರು ಅಷ್ಟರಲ್ಲಿ ಅವಳನ್ನು ತಮ್ಮ ಟ್ಯಾಂಕು ನೋಡಲು ಕರೆದೊಯ್ಯುತ್ತಿದ್ದರು. ನನ್ನ ನಾಲಿಗೆಯ ತುದಿಯಲ್ಲಿ ಹದಿನೆಂಟು ಪ್ರಶ್ನೆಗಳಿದ್ದವು. ಅವಳು ಮರಳಿ ಬರುವವರೆಗೆ ನಾನು ಮೇಜು ಬಿಡುವಂತಿರಲಿಲ್ಲ. ಆ ಮುದುಕರು ಈಗ ಇನ್ನೇನೇನು ಕೇಳಿ ತಿಳಿದುಕೊಳ್ಳುತ್ತಿದ್ದಾರೋ ಎಂದು ಕತ್ತು ಚಾಚಿ ಚಾಚಿ ನೋಡಿದೆ.