ಹನಕೆರೆಯಿಂದ ಸಮುದ್ರಕ್ಕೆ

ನಮ್ಮಪ್ಪ ಹನಕೆರೆ ಸ್ಟೇಷನ್ನಿನಲ್ಲಿ ಪಾಯಿಂಟ್ಸ್‌ಮನ್ ಆಗಿದ್ದ. ಬರುವ ರೈಲಿಗೆ ಹಳಿ ತಿರುಗಿಸುವುದು, ಬಾವುಟ ತೋರಿಸುವುದು, ಸಂಜೆ ಸಿಗ್ನಲ್ ಕಂಬ ಹತ್ತಿ ದೀಪ ಇಡುವುದು ಅವನ ಕೆಲಸ. ದಿನವೂ ಅಷ್ಟೊಂದು ರೈಲು ಸಾಗಹಾಕುತ್ತಿದ್ದವನು ತಾನು ಮಾತ್ರ ಮಂಡ್ಯ, ಮದ್ದೂರು ಬಿಟ್ಟು ಆಚೆಗೆ ಹೋದವನಲ್ಲ. ಕೇಳಿದ್ದರೆ ಮನೆಮಂದಿಗೆಲ್ಲ ಪುಕ್ಕಟೆ ಪಾಸು ಸಿಗುತ್ತಿತ್ತು. ಅವನು ಯಾವತ್ತೂ ಕೇಳಿರಲಿಲ್ಲ.

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ ನನಗೆ ಹನ್ನೊಂದು. ಆಗ ಅಪ್ಪನ ತಾಯಿಗೆ, ನಮ್ಮಜ್ಜಿಗೆ, ಕಣ್ಣು ಮಂಜಾಗತೊಡಗಿತು. ರೊಟ್ಟಿ ತಟ್ಟುವಾಗ ಹೆಂಚಿನ ಅಂಚು ಕಾಣದೆ ಬೆರಳು ಸುಟ್ಟುಕೊಳ್ಳುತ್ತಿದ್ದಳು. ಅಪ್ಪ ಮಂಡ್ಯದ ಆಸ್ಪತ್ರೆಗೆ ಕರೆದುಕೊಂಡು ಹೋದ. ನಾನೂ ಜೊತೆಗಿದ್ದೆ. ಡಾಕ್ಟರು ಅಜ್ಜಿಯನ್ನು ಬೆಂಚಿನ ಮೇಲೆ ಕೂರಿಸಿ, ಅಪ್ಪನನ್ನು ಬಾಗಿಲ ಹತ್ತಿರ ಕರೆದು, ಪೊರೆಯಾಗಿದ್ದರೆ ತೆಗೆಯಬಹುದಿತ್ತು, ಇದು ಒಳಗಿನ ನರ ಸೊರಗುತ್ತಿರುವುದು, ಇನ್ನೊಂದು ವರ್ಷ ಕಂಡರೆ ಹೆಚ್ಚು ಎಂದರು. ಅಪ್ಪ ಬಂದು ಅಜ್ಜಿಗೆ, “ಏನೂ ಇಲ್ವಂತೆ ಕಣವ್ವ, ವಯಸ್ಸಾಯ್ತಲ್ಲ” ಎಂದ.

ಮಾರನೆಯ ದಿನವೇ ಅವನು ಸ್ಟೇಷನ್ ಮಾಸ್ತರರ ಮುಂದೆ ನಿಂತು ಮದರಾಸಿಗೆ ಪಾಸು ಬರೆಸಿಕೊಡಿ ಎಂದು ಕೇಳಿಕೊಂಡ. ಪಾಸು ಬಂದ ದಿನ ಊಟಕ್ಕೆ ಕೂತಾಗ ಮಾತು ತೆಗೆದ.

“ಅವ್ವ, ಮದ್ರಾಸ್‌ಗೆ ಓಗಿ ಸಮುದ್ರ ನೋಡ್ಕಂಡು ಬರಾವ.”

“ಅಲ್ಲೇನ್ಲಾ ಅದೆ?” ಎಂದಳು ಅಜ್ಜಿ.

“ನೀರು ಕಣವ್ವ. ಎಲ್ಲಿ ನೋಡುದ್ರೂ ನೀರು.”

“ನೀರ್ ನೋಡಕ್ಕೆ ಮದ್ರಾಸ್‌ಗೆ ಓಗ್ಬೇಕಾ? ನಾಲೇಲಿ ಬುಟ್ಟವ್ರೆ, ಓಗಿ ನೋಡ್ಕಂಡು ಬಾ.”

ನಾನೂ ನಮ್ಮವ್ವನೂ ನಕ್ಕೆವು. ಅಪ್ಪ ನಗಲಿಲ್ಲ. ಮುದ್ದೆ ಮುರಿಯುತ್ತಿದ್ದ ಕೈ ನಿಲ್ಲಿಸಿ, “ಬಾರವ್ವ” ಎಂದ, ಅಷ್ಟೆ. ಅಜ್ಜಿ ಅವನ ಕಡೆ ಒಂದು ಗಳಿಗೆ ನೋಡಿ, “ಅಂಗಾರೆ ದಾರಿಗೆ ರೊಟ್ಟಿ ತಟ್ಬೇಕಲ್ಲ” ಎಂದಳು.

ಹೊರಟ ದಿನ ನಮ್ಮ ರೈಲಿಗೆ ಹಳಿ ತಿರುಗಿಸಿದವನು ಅಪ್ಪನ ಬದಲಿಗೆ ಬಂದ ಆಳು. ಅವನು ಸರಿಯಾಗಿ ತಿರುಗಿಸಿದನೋ ಇಲ್ಲವೋ ಎಂದು ಅಪ್ಪ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ನೋಡುತ್ತಿದ್ದ. ನಮ್ಮವ್ವ ಅವನ ಅಂಗಿಯ ಚುಂಗು ಹಿಡಿದು ಕೂತಿದ್ದಳು. ಬೆಂಗಳೂರಿನಲ್ಲಿ ಇಳಿದು ಮದರಾಸಿನ ಗಾಡಿ ಹತ್ತಬೇಕಿತ್ತು. ಅಲ್ಲಿ ಹಳಿಗಳು ನಮ್ಮ ಕಡೆಯವಕ್ಕಿಂತ ಅಗಲ. ಅಪ್ಪ ಪ್ಲಾಟ್‌ಫಾರಂ ಅಂಚಿಗೆ ಹೋಗಿ ಬಹಳ ಹೊತ್ತು ಅವನ್ನೇ ನೋಡುತ್ತ ನಿಂತಿದ್ದು, “ಇದ್ನ ತಿರುಗ್ಸಕ್ಕೆ ಇಬ್ರು ಬೇಕು” ಎಂದು ತನ್ನಷ್ಟಕ್ಕೆ ಹೇಳಿಕೊಂಡ. ಊರಿಗೆ ಮರಳುವ ಸಿಪಾಯಿಗಳಿಂದ ಗಾಡಿ ತುಂಬಿಹೋಗಿತ್ತು. ಒಬ್ಬ ಸಿಪಾಯಿ ಎದ್ದು ಅಜ್ಜಿಗೆ ಜಾಗ ಕೊಟ್ಟ. ಅಜ್ಜಿ ಅವನಿಗೆ ಒಂದು ರೊಟ್ಟಿ ಕೊಟ್ಟಳು.

ಬೆಳಿಗ್ಗೆ ಮದರಾಸು. ನಿಲ್ದಾಣದ ಹತ್ತಿರದ ಛತ್ರದಲ್ಲಿ ಗಂಟು ಇಟ್ಟು, ಮುಖ ತೊಳೆದು ಹೊರಟೆವು. ಸಮುದ್ರದ ಕಡೆಗೆ ಟ್ರ್ಯಾಮು ಹೋಗುತ್ತದೆ ಎಂದು ಛತ್ರದವನು ಕೈಸನ್ನೆಯಲ್ಲಿ ಹೇಳಿದ್ದ. ಜನ, ಜಟಕಾ, ಸೈಕಲ್ಲುಗಳ ನಡುವೆ ರಸ್ತೆಯಲ್ಲೇ ಹಳಿ ಹಾಸಿದ್ದನ್ನು ಕಂಡು ಅಪ್ಪ ಬೆರಗಾದ. ಬಾವುಟವಿಲ್ಲ, ಗೇಟಿಲ್ಲ, ಕೇಳುವವರಿಲ್ಲ. ಅಷ್ಟರಲ್ಲಿ ಟ್ರ್ಯಾಮು ಬಂದು ನಿಂತಿತು. ಹಿಂದಿನಿಂದ ಜನ ನುಗ್ಗಿದರು. ಆ ನೂಕಾಟದಲ್ಲಿ ಅಜ್ಜಿ ಮೆಟ್ಟಿಲ ಮೇಲೆ, ಮೆಟ್ಟಿಲಿಂದ ಒಳಕ್ಕೆ ಹೋಗಿಬಿಟ್ಟಳು. ಗಂಟೆ ಹೊಡೆದು ಟ್ರ್ಯಾಮು ಹೊರಟೇಬಿಟ್ಟಿತು. ನಾವು ಮೂವರೂ ರಸ್ತೆಯಲ್ಲೇ ಉಳಿದೆವು.

“ಅವ್ವಾ! ಇಳಿಯವ್ವಾ!” ಎಂದು ಕೂಗುತ್ತ ಅಪ್ಪ ಓಡಿದ. ನಾವೂ ಅವನ ಹಿಂದೆ ಓಡಿದೆವು. ಟ್ರ್ಯಾಮು ತಿರುವಿನಲ್ಲಿ ಮರೆಯಾಯಿತು. ಮುಂದೆ ರಸ್ತೆ ಎರಡಾಗಿ ಒಡೆದಿತ್ತು, ಹಳಿಯೂ ಒಡೆದಿತ್ತು. ಎರಡೂ ಕಡೆ ಟ್ರ್ಯಾಮು ಕಾಣಲಿಲ್ಲ. ನಮ್ಮವ್ವ ಬಾಯಿಗೆ ಸೆರಗು ಒತ್ತಿಕೊಂಡು ಅಳತೊಡಗಿದಳು. ಯಾರನ್ನು ಕೇಳುವುದು? ಯಾವ ಭಾಷೆಯಲ್ಲಿ ಕೇಳುವುದು?

ಅಪ್ಪ ರಸ್ತೆಯ ನಡುವೆ ಕುಕ್ಕರುಗಾಲಲ್ಲಿ ಕೂತ. ಜಟಕಾದವನೊಬ್ಬ ಬೈದುಕೊಂಡು ಪಕ್ಕಕ್ಕೆ ಹೊಡೆದುಕೊಂಡು ಹೋದ. ಅಪ್ಪ ಹಳಿ ಕವಲೊಡೆಯುವ ಕಡೆ ಬೆರಳಾಡಿಸಿ ನೋಡಿದ. ಕಡೆಯ ಗಾಡಿ ಎತ್ತ ಹೋಗಿದೆಯೋ ಹಳಿಯ ನಾಲಗೆ, ಆ ಸರಿದಾಡುವ ಚೂಪು ತುಂಡು, ಅತ್ತಲೇ ಒರಗಿರುತ್ತದೆ ಎಂದು ನನಗೆ ಅವನೇ ಆಮೇಲೆ ತಿಳಿಸಿಕೊಟ್ಟ.

“ಎಡಕ್ಕೆ ಓಗ್ಯದೆ, ಬನ್ನಿ” ಎಂದು ಎದ್ದ.

ಎಡಗಡೆಯ ರಸ್ತೆಯಲ್ಲಿ ನಿಂತು ಮುಂದಿನ ಟ್ರ್ಯಾಮು ಹಿಡಿದೆವು. ಪ್ರತಿ ನಿಲುಗಡೆಯಲ್ಲೂ ಅಪ್ಪ ಬಗ್ಗಿ ನೋಡುತ್ತಿದ್ದ. ಅವನ ಮೀಸೆಯಿಂದ ಬೆವರು ತೊಟ್ಟಿಕ್ಕುತ್ತಿತ್ತು. ಕಡೆಯ ನಿಲುಗಡೆಯಲ್ಲಿ ಮುಂಚೆ ಬಂದಿದ್ದ ಟ್ರ್ಯಾಮು ಖಾಲಿ ನಿಂತಿತ್ತು. ಅದರ ಕಂಡಕ್ಟರನಿಗೆ ಅಪ್ಪ ಅಜ್ಜಿಯ ಎತ್ತರ ತೋರಿಸಿದ, ಬಾಗಿದ ಬೆನ್ನು ತೋರಿಸಿದ, ಕಣ್ಣಿಗೆ ಕೈ ಅಡ್ಡ ಹಿಡಿದು ನೋಡುವ ರೀತಿ ತೋರಿಸಿದ. ಕಂಡಕ್ಟರನ ಮುಖ ಅರಳಿತು. “ಸಮುದ್ರಂ! ಸಮುದ್ರಂ!” ಎಂದು ರಸ್ತೆಯ ಕೊನೆಗೆ ಕೈ ಮಾಡಿದ. ಅಜ್ಜಿ ದಾರಿಯುದ್ದಕ್ಕೂ ಅದೊಂದೇ ಮಾತು ಹೇಳಿಕೊಂಡು ಬಂದಿದ್ದಳಂತೆ.

ಓಡುತ್ತ ಹೋದೆವು. ಮನೆಗಳು ಮುಗಿದು ಮರಳು ಶುರುವಾಯಿತು. ದಡಕ್ಕೆ ಎಳೆದು ಹಾಕಿದ್ದ ದೋಣಿಯೊಂದರ ನೆರಳಿನಲ್ಲಿ ಅಜ್ಜಿ ಕೂತಿದ್ದಳು. ಪಕ್ಕದಲ್ಲಿ ಬುರ್ಖಾ ತೊಟ್ಟ ನಡುವಯಸ್ಸಿನ ಹೆಂಗಸೊಬ್ಬಳಿದ್ದಳು. ಅಜ್ಜಿ ಮೊದಲೆಲ್ಲ ಮದ್ದೂರಿನಲ್ಲಿ ಸಾಬರ ಮನೆಗಳಿಗೆ ಮಜ್ಜಿಗೆ ಹಾಕುತ್ತಿದ್ದವಳು, ಹರಕುಮುರುಕು ಉರ್ದು ಬರುತ್ತಿತ್ತು. ಟ್ರ್ಯಾಮಿನಲ್ಲಿ ಆ ಹೆಂಗಸಿನ ಮಾತು ಕಿವಿಗೆ ಬಿದ್ದದ್ದೇ ಕೈ ಹಿಡಿದುಕೊಂಡಳಂತೆ. ಆಕೆ ತನ್ನ ಮನೆಗೆ ಹೋಗದೆ ಇವಳನ್ನು ಇಲ್ಲಿಗೆ ಕರೆತಂದು ಜೊತೆಗೆ ಕಾದಿದ್ದಳು.

ಅಪ್ಪ ಏದುಸಿರು ಬಿಡುತ್ತ ಎದುರಿಗೆ ನಿಂತ. “ನಮ್ಮನ್ನ ಬುಟ್ಟು ಯಾಕವ್ವ ಗಾಡಿ ಅತ್ದೆ?”

“ಯಾವನೋ ನೂಕ್ದ ಕಣ್ಲಾ. ನಾನೇನ್ ಬೇಕೂಂತ ಅತ್ತಿದ್ನಾ?”

ಆಗ ನನಗೆ ಹೊಳೆಯಿತು. ಅಜ್ಜಿ ಸಮುದ್ರಕ್ಕೆ ಬೆನ್ನು ಹಾಕಿ ಕೂತಿದ್ದಳು. ಮುಖ ನಾವು ಬಂದ ರಸ್ತೆಯ ಕಡೆಗಿತ್ತು. ನಮ್ಮವ್ವ ಕೇಳಿದಳು, “ನೋಡುದ್ರಾ ಅತ್ತೆ?”

“ಇಲ್ಲ ಕಣಮ್ಮಿ. ಕೇಳುಸ್ತಾ ಅದೆ. ಈಯಮ್ಮ ತಿರುಗು, ತಿರುಗು ಅಂತ ಅವಾಗಿಂದ ಏಳ್ತಾವ್ಳೆ. ನೀವೂ ಬರ್ಲಿ, ಒಟ್ಗೆ ನೋಡಾವ ಅಂತ ಕುಂತಿದ್ದೆ.”

ಅಪ್ಪ ಅಲ್ಲೇ ಮರಳಿನಲ್ಲಿ ಕುಸಿದು ಕೂತು ಅತ್ತುಬಿಟ್ಟ. ಅವನು ಅತ್ತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಅಜ್ಜಿ ಅವನ ತಲೆ ತಡವಿ ಕೈ ಮುಂದೆ ಚಾಚಿದಳು. ಅಪ್ಪ ಎದ್ದು ಅವಳನ್ನು ಎಬ್ಬಿಸಿ, ಎರಡೂ ಹೆಗಲು ಹಿಡಿದು ಮೆಲ್ಲಗೆ ತಿರುಗಿಸಿದ. ನಾವೆಲ್ಲ ಅವಳ ಪಕ್ಕ ನಿಂತು ಒಟ್ಟಿಗೆ ನೋಡಿದೆವು. ಅಜ್ಜಿ ಕಣ್ಣಿಗೆ ಕೈ ಅಡ್ಡ ಹಿಡಿದು, ಅಪ್ಪನ ಜೊತೆ ನೀರಿನ ಅಂಚಿಗೆ ನಡೆದಳು. ಅಲೆ ಬಂದು ಪಾದ ನೆನೆಸಿದಾಗ ಅಪ್ಪನ ಕೈ ಬಿಗಿಯಾಗಿ ಹಿಡಿದುಕೊಂಡಳು.

“ಎಷ್ಟ್ ಕಾಣ್ತದವ್ವ?” ಎಂದ ಅಪ್ಪ.

“ನಂಗ್ ಸಾಕಾಗೋವಷ್ಟು ಕಾಣ್ತದೆ. ಡಾಕುಟ್ರು ಏಳಿದ್ದು ನಂಗೂ ಕೇಳುಸ್ತು ಕಣ್ ಮಗ. ಕಣ್ ತಾನೆ ಮಂಜಾಗಿರೋದು? ಕಿವಿ ಸಂದಾಗೇ ಅವೆ.”

ಬುರ್ಖಾದ ಹೆಂಗಸು ಹೊರಟು ನಿಂತಾಗ ಅಜ್ಜಿ ಮಡಿಲಲ್ಲಿದ್ದ ಬೆಲ್ಲದ ಅಚ್ಚನ್ನು ಅವಳ ಕೈಗೆ ಇಟ್ಟಳು. ಆಕೆ ಅದನ್ನು ಕಣ್ಣಿಗೊತ್ತಿಕೊಂಡು ಹೋದಳು.

ಡಾಕ್ಟರು ಹೇಳಿದಂತೆಯೇ ಆಯಿತು. ಮುಂದಿನ ಮಳೆಗಾಲದ ಹೊತ್ತಿಗೆ ಅಜ್ಜಿಗೆ ಬೆಳಕು, ಕತ್ತಲೆ ಬಿಟ್ಟು ಬೇರೇನೂ ತಿಳಿಯದಾಯಿತು. ಆದರೆ ನನ್ನ ಮನಸ್ಸಿನಲ್ಲಿ ಉಳಿದಿರುವುದು ಮದರಾಸಿನ ಎರಡನೆಯ ದಿನ. ಅಂದು ಮೃಗಶಾಲೆ, ಮ್ಯೂಸಿಯಂ ತೋರಿಸುತ್ತೇನೆಂದು ಅಪ್ಪ ಹೇಳಿದ್ದ. ಅಜ್ಜಿ ಬೇಡವೆಂದಳು. ಬೆಳಿಗ್ಗೆಯೇ ಬಂದು ಅದೇ ದೋಣಿಯ ಹತ್ತಿರ ಕೂತೆವು. ರೈಲಿನ ಹೊತ್ತಿಗೆ ತಕ್ಕಂತೆ ಅಷ್ಟಿಷ್ಟು ನಿದ್ದೆ ಮಾಡಿ ವರ್ಷಗಳನ್ನು ಕಳೆದಿದ್ದ ಅಪ್ಪ, ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು ಹಾಡುಹಗಲಲ್ಲಿ ಮಲಗಿಬಿಟ್ಟ. ನೆರಳು ಸರಿದು ಅವನ ಮುಖದ ಮೇಲೆ ಬಿಸಿಲು ಬಿತ್ತು. ಅಜ್ಜಿ ಸೆರಗನ್ನು ಅಡ್ಡ ಹಿಡಿದು ಕೂತಳು. ನೀರಿಗೆ ಇಳಿಯೋಣ ಬಾ ಎಂದು ನಾನು ಅವನನ್ನು ಅಲುಗಿಸಲು ಹೋದೆ.

“ಮನಿಕ್ಕಳ್ಲಿ ಬುಡಮ್ಮಿ,” ಎಂದಳು ಅಜ್ಜಿ. “ನೀನೂ ನಿಮ್ಮವ್ವನೂ ಓಗಿ. ನಾನಿಲ್ಲೇ ಇರ್ತೀನಿ.”

ನಾನೂ ನಮ್ಮವ್ವನೂ ಸೀರೆ, ಲಂಗ ಎತ್ತಿ ಕಟ್ಟಿಕೊಂಡು ಅಲೆಯ ಕಡೆಗೆ ಓಡಿದೆವು.